ಚಿಕನ್ ಕರಗಿದಾಗ ಇಳಿಯುವ ನೀರನ್ನು ಚೆಲ್ಲಬೇಡಿ

ಫ್ರೀಜರಿನಿಂದ ತೆಗೆದ ಚಿಕನ್ ಪೊಟ್ಟಣವನ್ನು ಬಟ್ಟಲಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ನಸುಗೆಂಪು ನೀರು ನಿಲ್ಲುತ್ತದೆ. ಮನೆಯಲ್ಲಿ ಅದು ಸಿಂಕಿಗೆ ಹೋಗುತ್ತದೆ. ಮಾಂಸ ಕೆಡದಂತೆ ಸಂರಕ್ಷಕ ರಾಸಾಯನಿಕ ಬೆರೆಸಿದ್ದಾರೆಯೇ ಎಂದು ನೋಡುವ ಪ್ರಯೋಗಾಲಯದಲ್ಲಿ ಹಾಗೆ ಚೆಲ್ಲಿದರೆ ಪರೀಕ್ಷೆ ಅಲ್ಲೇ ಕೆಟ್ಟಿತು. ನೀರಿನಲ್ಲಿ ಕರಗುವ ರಾಸಾಯನಿಕಗಳು ಅದರ ಜೊತೆಗೇ ಇಳಿದಿರುತ್ತವೆ. ಆ ನೀರನ್ನೂ ಸೇರಿಸಿಯೇ ಮಾಂಸವನ್ನು ಅರೆಯಬೇಕು.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಹಸಿ ಕೋಳಿಗೆ ಬೇರೆ ಸಂರಕ್ಷಕ ಬೇಕಿಲ್ಲ. ಆ ಚಳಿಗೆ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ ನಿಜ, ಆದರೆ ಬೆಳೆಯಲಾರವು. ಅನುಮಾನ ಹುಟ್ಟುವುದು ಕರೆಂಟು ಹೋಗಿ, ಮಾಂಸ ಕರಗಿ, ಮತ್ತೆ ಗಟ್ಟಿಯಾದಾಗ. ಕೆಡುತ್ತಿರುವುದನ್ನು ಮುಚ್ಚಿಡಲು ಫಾರ್ಮಾಲಿನ್ ಹಾಕಿದ್ದಾರೆಯೇ? ಫಾರ್ಮಾಲಿನ್ ಅಂದರೆ ಸುಮಾರು ಶೇ. 37ರಷ್ಟು ಫಾರ್ಮಾಲ್ಡಿಹೈಡ್ ಕರಗಿರುವ ನೀರು. ಶವಗಳು ಕೆಡದಂತೆ ಇಡಲು ಬಳಸುವುದು ಇದನ್ನೇ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಪತ್ತೆ ಮಾಡುವ ವಿಧಾನ ಹಳೆಯದು. ಅರೆದ ಮಾಂಸಕ್ಕೆ ಆಮ್ಲ ಬೆರೆಸಿ, ಕಾಯಿಸಿ, ಹಬೆಯನ್ನು ತಣಿಸಿ ಹಿಡಿಯುತ್ತಾರೆ. ಅದಕ್ಕೆ ಅಸಿಟೈಲ್ ಅಸಿಟೋನ್ ಮತ್ತು ಅಮೋನಿಯಂ ಅಸಿಟೇಟ್ ಇರುವ ದ್ರಾವಣ ಸೇರಿಸಿ ಬೆಚ್ಚಗೆ ಇಟ್ಟರೆ, ಫಾರ್ಮಾಲ್ಡಿಹೈಡ್ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ಇದು 1953ರಲ್ಲಿ ನ್ಯಾಶ್ ಎಂಬ ವಿಜ್ಞಾನಿ ಪ್ರಕಟಿಸಿದ ಕ್ರಮ. 412 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಈ ಹಳದಿ ಎಷ್ಟು ನುಂಗುತ್ತದೆ ಎಂದು ಉಪಕರಣ ಅಳೆಯುತ್ತದೆ.

ಕಷ್ಟ ಇರುವುದು ಅಳತೆಗೂ ಮೊದಲು. ಫಾರ್ಮಾಲ್ಡಿಹೈಡ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮಾಂಸ ಕೆಡದಿರಲು ಅದೂ ಒಂದು ಕಾರಣ. ಹಾಗೆ ಬಿಗಿಯುವಾಗ ತಾನೂ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಹಾಕಿದ್ದೆಲ್ಲ ಹಬೆಯಲ್ಲಿ ಬರುವುದಿಲ್ಲ. ಬಲ್ಲ ಪರೀಕ್ಷಕರು ಶುದ್ಧ ಕೋಳಿಮಾಂಸದ ಇನ್ನೊಂದು ಮಾದರಿಗೆ ತಾವೇ ಗೊತ್ತಿರುವಷ್ಟು ಫಾರ್ಮಾಲ್ಡಿಹೈಡ್ ಬೆರೆಸಿ, ಎಷ್ಟು ವಾಪಸು ಸಿಕ್ಕಿತೆಂದು ನೋಡುತ್ತಾರೆ. ಹತ್ತು ಪಾಲು ಹಾಕಿ ಏಳು ಸಿಕ್ಕರೆ, ಉಳಿದ ಮೂರರ ಲೆಕ್ಕ ವರದಿಯಲ್ಲಿ ಇರಲೇಬೇಕು.

ಚಿಕನ್ ಸಾಸೇಜಿನಲ್ಲಿ ಬಳಸುವ ನೈಟ್ರೈಟ್ ಎಂಬ ಸಂರಕ್ಷಕದ ವಿಷಯ ಬೇರೆ. ಮಿತಿಯೊಳಗೆ ಅದಕ್ಕೆ ಅನುಮತಿಯಿದೆ, ಸಾಸೇಜಿನ ಗುಲಾಬಿ ಬಣ್ಣ ಅದರದೇ. ಆದರೆ ಬಣ್ಣ ಕೊಡುತ್ತಾ, ದಿನ ಕಳೆದಂತೆ, ಅದು ಖರ್ಚಾಗುತ್ತದೆ. ಇಂದು ಅಳೆದದ್ದು ಅಂದು ಹಾಕಿದ್ದಕ್ಕಿಂತ ಕಡಿಮೆಯೇ.

ಫಾರ್ಮಾಲ್ಡಿಹೈಡ್ ಯಾರೂ ಹಾಕದೆಯೂ ಸಿಗುವುದುಂಟು. 2018ರಲ್ಲಿ ಕೇರಳದ ಗಡಿ ತಪಾಸಣಾ ಠಾಣೆಗಳಲ್ಲಿ ಮೀನಿನ ಲಾರಿಗಳನ್ನು ತಡೆದು ಫಾರ್ಮಾಲಿನ್ ಇದೆಯೇ ಎಂದು ಪರೀಕ್ಷಿಸಿದಾಗ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ತಯಾರಿಸಿದ ಕಾಗದದ ಪಟ್ಟಿಗಳು ತುಂಬ ನೆರವಾದವು. ಮೀನಿನ ಮೇಲೆ ಉಜ್ಜಿ ದ್ರಾವಣ ತೊಟ್ಟಿಕ್ಕಿದರೆ ಬಣ್ಣ ಬದಲಾಗುತ್ತದೆ. ಆದರೆ ಕಾಡ್ ಜಾತಿಯಂಥ ಕೆಲವು ಸಮುದ್ರದ ಮೀನುಗಳಲ್ಲಿ ಟ್ರೈಮೀಥೈಲ್ ಅಮೀನ್ ಆಕ್ಸೈಡ್ ಎಂಬ ವಸ್ತು ಒಡೆದು, ಫ್ರೀಜರಿನೊಳಗೇ ಫಾರ್ಮಾಲ್ಡಿಹೈಡ್ ತಾನಾಗಿ ಹುಟ್ಟುತ್ತದೆ. ಕೋಳಿಯಲ್ಲಿ ಈ ದಾರಿ ಇಲ್ಲ. ಆದರೂ ಜೀವಕೋಶಗಳು ಬದುಕಿರುವಾಗ ಅತ್ಯಲ್ಪ ಫಾರ್ಮಾಲ್ಡಿಹೈಡ್ ತಯಾರಿಸುತ್ತಲೇ ಇರುತ್ತವೆ, ಹಾಗಾಗಿ ಶುದ್ಧ ಕೋಳಿಯ ಅಳತೆಯೂ ಸೊನ್ನೆಯಾಗಲಾರದು.

ಇಂಥ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಆ ಶುದ್ಧ ಕೋಳಿಯ ಅಳತೆ ಬರೆದ ಸಾಲನ್ನು. ಅದರ ಪಕ್ಕದಲ್ಲಿಟ್ಟ ಮೇಲೆಯೇ ಅನುಮಾನದ ಪೊಟ್ಟಣದ ಅಂಕಿಯನ್ನು ಓದುತ್ತೇನೆ.