ಮ್ಯಾಕ್ರೋ ಫೈಲ್ ಮುಚ್ಚುವಾಗ ‘ಸೇವ್ ಮಾಡಬೇಕಾ’ ಎಂದು ಕೇಳದಂತೆ ಮಾಡುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ. ದಿನದ ತೂಕದ ಎಕ್ಸೆಲ್ ಫೈಲುಗಳನ್ನು ಒಂದು ಮ್ಯಾಕ್ರೋ (ಎಕ್ಸೆಲ್ ಒಳಗೆ ಓಡುವ ಸಣ್ಣ ಕೋಡು) ಒಂದೊಂದಾಗಿ ತೆರೆದು, ಲೆಕ್ಕ ಎತ್ತಿಕೊಂಡು ಮುಚ್ಚುತ್ತದೆ. ಮುಚ್ಚುವಾಗ ಪ್ರತಿ ಸಲ ಸೇವ್ ಮಾಡಬೇಕಾ ಅಂತ ಕೇಳುತ್ತದೆ. ಒತ್ತಿ ಒತ್ತಿ ಸಾಕಾಗಿದೆ. ನಿಲ್ಲಿಸುವುದು ಹೇಗೆ?

ಮೆಕ್ಕೆಜೋಳ ಯಾರ್ಡಿಗೆ ಬರಲು ಶುರುವಾದರೆ ಈ ಪ್ರಶ್ನೆಯೂ ಬರುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಕೇಳುತ್ತಾರೆ, ಚಿತ್ರದುರ್ಗದ ಈರುಳ್ಳಿ ವ್ಯಾಪಾರಿಗಳ ಲೆಕ್ಕ ಬರೆಯುವ ಹುಡುಗರು ಕೇಳುತ್ತಾರೆ. ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಕೋಡನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಉತ್ತರ ಒಂದೇ ಸಾಲು. ಫೈಲ್ ಮುಚ್ಚುವ ‘ಕ್ಲೋಸ್’ ಎಂಬ ಪದದ ಮುಂದೆ ಒಂದು ಸ್ಪೇಸ್ ಬಿಟ್ಟು ‘ಸೇವ್‌ಚೇಂಜಸ್ := ಫಾಲ್ಸ್’ ಎಂದು ಬರೆಯಿರಿ. ಬದಲಾವಣೆ ಬಿಟ್ಟು ಮುಚ್ಚುತ್ತದೆ, ಕೇಳುವುದಿಲ್ಲ. ಫೈಲಿನಲ್ಲಿ ಮ್ಯಾಕ್ರೋ ಏನಾದರೂ ಬರೆದಿದ್ದರೆ, ಅದು ಉಳಿಯಬೇಕಿದ್ದರೆ, ‘ಸೇವ್‌ಚೇಂಜಸ್ := ಟ್ರೂ’ ಎಂದು ಬರೆಯಿರಿ. ಉಳಿಸಿ ಮುಚ್ಚುತ್ತದೆ, ಆಗಲೂ ಕೇಳುವುದಿಲ್ಲ. ನಿಮ್ಮ ಮ್ಯಾಕ್ರೋ ಬರೀ ಲೆಕ್ಕ ಓದಿಕೊಳ್ಳುವುದಾದರೆ ಫಾಲ್ಸ್ ಸಾಕು. ನಿಮ್ಮ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಆದರೆ ನನ್ನ ಮಾತು ಮುಗಿದಿಲ್ಲ. ಇದನ್ನು ಹೇಳಿದ ತಕ್ಷಣ ಹತ್ತರಲ್ಲಿ ಎಂಟು ಜನ ಒಂದೇ ಮಾತು ಹೇಳುತ್ತಾರೆ. ‘ಅದೆಲ್ಲ ಯಾಕೆ ಮೇಡಂ, ಮೇಲೆ ಒಂದು ಡಿಸ್ಪ್ಲೇಅಲರ್ಟ್ಸ್ ಫಾಲ್ಸ್ ಹಾಕಿದರೆ ಆಯ್ತಲ್ವಾ? ಕೇಳೋದೂ ಇಲ್ಲ, ತಾನೇ ಸೇವ್ ಆಗುತ್ತೆ.’

ಆಗುವುದಿಲ್ಲ. ಈ ನಂಬಿಕೆ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ಪೆನ್‌ಡ್ರೈವಿನಲ್ಲಿ ಹೋಗುವ ಕೋಡಿನ ಜೊತೆ ಇದೂ ಹೋಗುತ್ತಿದೆ. ಆ ಸಾಲು ಎಕ್ಸೆಲ್ ತೋರಿಸುವ ಎಚ್ಚರಿಕೆಗಳನ್ನು ಬಂದ್ ಮಾಡುತ್ತದೆ, ಅಷ್ಟೇ. ಎಚ್ಚರಿಕೆ ಬಂದ್ ಮಾಡುವುದು ಬೇರೆ, ಸೇವ್ ಮಾಡುವುದು ಬೇರೆ.

ನಿಮ್ಮ ಅಂಗಡಿಯ ಗುಮಾಸ್ತ ಸಂಜೆ ಬಂದು ‘ಸಾವುಕಾರ್ರೇ, ಇವತ್ತಿನದನ್ನು ಖಾತೆಗೆ ಏರಿಸಲಾ?’ ಎಂದು ಕೇಳುತ್ತಾನೆ ಅಂತಿಟ್ಟುಕೊಳ್ಳಿ. ನೀವು ‘ಏರಿಸು’ ಅನ್ನಬಹುದು, ‘ಬೇಡ’ ಅನ್ನಬಹುದು. ಎರಡೂ ಉತ್ತರವೇ. ‘ಸೇವ್‌ಚೇಂಜಸ್’ ಮಾಡುವುದು ಅದನ್ನೇ. ‘ಡಿಸ್ಪ್ಲೇಅಲರ್ಟ್ಸ್ ಫಾಲ್ಸ್’ ಎಂದರೆ ‘ನನ್ನನ್ನು ಏನೂ ಕೇಳಬೇಡ, ನಿನಗೆ ತಿಳಿದ ಹಾಗೆ ಮಾಡು’ ಎಂದ ಹಾಗೆ. ಗುಮಾಸ್ತನಿಗೆ ತಿಳಿದದ್ದು ನಿಮಗೆ ಬೇಕಾದದ್ದೇ ಆಗಿರಬೇಕಲ್ಲ? ಎಕ್ಸೆಲ್‌ಗೆ ಒಂದೊಂದು ಪ್ರಶ್ನೆಗೆ ಒಂದೊಂದು ಉತ್ತರ ಮೊದಲೇ ಗೊತ್ತುಮಾಡಿ ಇಟ್ಟಿದ್ದಾರೆ. ಫೈಲ್ ಮುಚ್ಚುವಾಗ ಅದರ ಉತ್ತರ ‘ಉಳಿಸಬೇಡ’. ಇಡೀ ಎಕ್ಸೆಲ್ಲನ್ನೇ ‘ಕ್ವಿಟ್’ ಮಾಡಿ ಮುಚ್ಚಿದರೂ ಅದೇ. ತೆರೆದಿರುವ ಫೈಲುಗಳಲ್ಲಿ ಸೇವ್ ಆಗದ್ದೆಲ್ಲ ಸದ್ದಿಲ್ಲದೆ ಹೋಗುತ್ತದೆ. ಮೈಕ್ರೋಸಾಫ್ಟ್‌ನವರ ಕೈಪಿಡಿಯಲ್ಲೇ ಇದು ಸ್ಪಷ್ಟವಾಗಿ ಇದೆ.

ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಅಲ್ಲಿ ಹಳಬರು ಬರೆದಿಟ್ಟ ಮ್ಯಾಕ್ರೋ ಇತ್ತು. ಯಾವ ರೈತರಿಗೆ ಹಣ ಕೊಟ್ಟಾಯಿತೋ ಅವರ ಹೆಸರಿನ ಮುಂದೆ ‘ಪಾವತಿ’ ಎಂದು ಬರೆದು ಫೈಲ್ ಮುಚ್ಚುವುದು ಅದರ ಕೆಲಸ. ಯಾರೋ ಅದಕ್ಕೆ ಈ ಸಾಲು ಸೇರಿಸಿದ್ದರು. ಕೇಳುವುದು ನಿಂತಿತು, ಎಲ್ಲರಿಗೂ ಖುಷಿ. ನಾಲ್ಕು ದಿನದ ಮೇಲೆ ಫೈಲ್ ತೆರೆದರೆ ಒಂದು ಹೆಸರಿನ ಮುಂದೂ ‘ಪಾವತಿ’ ಇಲ್ಲ. ಯಾರಿಗೆ ಕೊಟ್ಟಿದ್ದು, ಯಾರಿಗೆ ಬಾಕಿ ಎಂದು ರಾತ್ರಿ ಹನ್ನೊಂದರವರೆಗೆ ಕೂತು ಚೀಟಿ ನೋಡಿ ಹೊಂದಿಸಿದಳು. ಫೋನಿನಲ್ಲಿ ಅವಳ ದನಿ ನಡುಗುತ್ತಿತ್ತು. ಅವಳ ತಪ್ಪು ಏನೂ ಇರಲಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಜೋರು ಮಾಡುತ್ತೇನೆ.

ಇನ್ನೊಂದು ಕಡೆ ಇದೇ ಸಾಲು ಉಲ್ಟಾ ಹೊಡೆಯುತ್ತದೆ. ‘ಸೇವ್ಆ್ಯಸ್’ ಮಾಡುವಾಗ ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಎಕ್ಸೆಲ್ ‘ಇದೆ, ಅದರ ಮೇಲೇ ಬರೆಯಲಾ?’ ಎಂದು ಕೇಳುತ್ತದೆ. ಆ ಪೆಟ್ಟಿಗೆಯಲ್ಲಿ ಮೊದಲೇ ಆರಿಸಿಟ್ಟ ಬಟನ್ ‘ನೋ’. ಸುಮ್ನೆ ಎಂಟರ್ ಒತ್ತಿದರೂ ಹಳೆಯ ಫೈಲ್ ಉಳಿಯುತ್ತದೆ. ಆದರೆ ಎಚ್ಚರಿಕೆ ಬಂದ್ ಮಾಡಿದಾಗ ಎಕ್ಸೆಲ್ ತಾನಾಗಿ ಆರಿಸುವುದು ‘ಯೆಸ್’. ಹಳೆಯ ಫೈಲ್ ಹೋಯಿತು. ನೋಡಿ, ಮುಚ್ಚುವಾಗ ಇವತ್ತಿನ ಕೆಲಸ ಹೋಗುತ್ತದೆ, ಸೇವ್ಆ್ಯಸ್‌ನಲ್ಲಿ ನಿನ್ನೆಯದು ಹೋಗುತ್ತದೆ. ಒಂದೇ ಸಾಲು, ಎರಡು ಕಡೆ ಎರಡು ನಡತೆ.

‘ಹಾಗಾದರೆ ಅದನ್ನು ಬಳಸಲೇಬಾರದಾ?’ ಬಳಸಿ. ಹಾಳೆಯೊಂದನ್ನು ಡಿಲೀಟ್ ಮಾಡುವಾಗ ಬರುವ ಎಚ್ಚರಿಕೆಗೆ ಬೇರೆ ದಾರಿಯಿಲ್ಲ, ಅಲ್ಲಿ ಇದೇ ಬೇಕು. ಡಿಲೀಟ್ ಮಾಡುವ ಆ ಒಂದು ಸಾಲಿನ ಹಿಂದೆ ಫಾಲ್ಸ್ ಮಾಡಿ, ಮುಂದಿನ ಸಾಲಿನಲ್ಲೇ ಟ್ರೂ ಮಾಡಿ. ಮ್ಯಾಕ್ರೋ ಮುಗಿದ ಮೇಲೆ ಎಕ್ಸೆಲ್ ತಾನೇ ಟ್ರೂ ಮಾಡಿಕೊಳ್ಳುತ್ತದೆ, ನಿಜ. ಆದರೆ ಅದು ಎಕ್ಸೆಲ್ ಒಳಗಿನ ಕೋಡಿಗೆ ಮಾತ್ರ. ಈಗ ಕಾಲೇಜು ಹುಡುಗರು ಹೊರಗಿನಿಂದ ಪೈಥಾನ್ ಬರೆದು ಎಕ್ಸೆಲ್ ಓಡಿಸುತ್ತಾರೆ. ಅಲ್ಲಿ ಅದು ಟ್ರೂ ಆಗುವುದಿಲ್ಲ, ನೀವೇ ಮಾಡಬೇಕು.

‘ಸೇವ್ಡ್ ಈಕ್ವಲ್ ಟ್ರೂ’ ಎಂಬ ಮೂರನೆಯ ದಾರಿಯೂ ಇದೆ. ಹೆಸರು ಕೇಳಿದರೆ ಸೇವ್ ಮಾಡುತ್ತದೆ ಅನ್ನಿಸುತ್ತದೆ ಅಲ್ವಾ? ಅದೂ ಮಾಡುವುದಿಲ್ಲ. ‘ಈ ಫೈಲಿನಲ್ಲಿ ಹೊಸದೇನೂ ಇಲ್ಲ’ ಎಂದು ಎಕ್ಸೆಲ್‌ಗೆ ನಂಬಿಸುತ್ತದೆ, ಅಷ್ಟೇ. ಡಿಸ್ಕಿಗೆ ಒಂದಕ್ಷರವೂ ಹೋಗುವುದಿಲ್ಲ. ದರಪಟ್ಟಿಯ ಹಾಗೆ ಎಲ್ಲರೂ ನೋಡುವ, ಯಾರೂ ಬರೆಯದ ಫೈಲಿಗೆ ಇದು ಒಳ್ಳೆಯದು.

ಈಗ ಆ ‘:=’ ವಿಷಯ. ಕೋಲನ್ನೂ ಬೇಕು, ಈಕ್ವಲ್ಲೂ ಬೇಕು. ಕ್ಲಾಸಿನಲ್ಲಿ ಇದಕ್ಕೆ ಒಂದು ಪೂರ್ತಿ ಗಂಟೆ ಕೊಡುತ್ತೇನೆ. ಕೋಲನ್ ಬಿಟ್ಟು ‘ಸೇವ್‌ಚೇಂಜಸ್ = ಫಾಲ್ಸ್’ ಎಂದು ಬರೆದರೆ ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಅದನ್ನು ಪ್ರಶ್ನೆಯಾಗಿ ಓದುತ್ತದೆ: ‘ಸೇವ್‌ಚೇಂಜಸ್ ಎಂಬುದು ಫಾಲ್ಸ್‌ಗೆ ಸಮವೇ?’ ಆ ಹೆಸರಿನ ವೇರಿಯಬಲ್, ಅಂದರೆ ಬೆಲೆ ಇಟ್ಟುಕೊಳ್ಳುವ ಡಬ್ಬಿ, ನೀವು ಮಾಡಿಯೇ ಇಲ್ಲ, ಅದು ಖಾಲಿ. ಖಾಲಿಯೂ ಫಾಲ್ಸೂ ಸಮ ಎಂಬುದು ವಿಬಿಎ ಲೆಕ್ಕ. ಹಾಗಾಗಿ ಉತ್ತರ ಟ್ರೂ. ಆ ಟ್ರೂ ನೇರ ‘ಕ್ಲೋಸ್’ ಕೈಗೆ ಹೋಗುತ್ತದೆ, ಫೈಲ್ ಸೇವ್ ಆಗಿ ಮುಚ್ಚುತ್ತದೆ. ನೀವು ಬೇಡ ಅಂದದ್ದಕ್ಕೆ ಅದು ಉಳಿಸಿತು. ಟ್ರೂ ಎಂದು ಬರೆದಿದ್ದರೆ ಇದೇ ಲೆಕ್ಕದಲ್ಲಿ ಉಳಿಸದೆ ಮುಚ್ಚುತ್ತಿತ್ತು. ಎರಡೂ ಸಲ ಎರರ್ ಬರುವುದಿಲ್ಲ, ಸೇವ್ ಮಾಡಬೇಕಾ ಎಂದೂ ಕೇಳುವುದಿಲ್ಲ. ಕೇಳಲಿಲ್ಲವಲ್ಲ, ಸರಿಯಾಯಿತು ಎಂದು ನೀವು ಎದ್ದು ಹೋಗುತ್ತೀರಿ. ಕೋಡಿನ ನೆತ್ತಿಯ ಮೇಲೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಎಂದು ಬರೆದಿಟ್ಟರೆ ಇಂಥ ಸಾಲು ಓಡುವ ಮೊದಲೇ ಸಿಕ್ಕಿಬೀಳುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಅದಿಲ್ಲದೆ ಕೋಡ್ ಬರೆಯುವವರು ಈಗ ಯಾರೂ ಇಲ್ಲ. ಅದು ನನಗೆ ಹೆಮ್ಮೆ.

ಇನ್ನೊಂದು. ಮ್ಯಾಕ್ರೋ ಇರುವ ಫೈಲನ್ನೇ ಆ ಮ್ಯಾಕ್ರೋ ಮುಚ್ಚಿದರೆ, ಅದರ ಕೆಳಗಿನ ಸಾಲುಗಳು ಓಡುವುದಿಲ್ಲ. ಆ ಸಾಲು ಕೊನೆಯಲ್ಲಿರಲಿ.

ನೀವು ಕೇಳದ ಒಂದು ಪ್ರಶ್ನೆ ಉಳಿಯಿತು. ನಿಮ್ಮ ಮ್ಯಾಕ್ರೋ ಬರೀ ಓದುತ್ತದೆ, ಏನೂ ಬರೆಯುವುದಿಲ್ಲ. ಹಾಗಿದ್ದರೆ ಎಕ್ಸೆಲ್ ಕೇಳುವುದಾದರೂ ಯಾಕೆ? ತೂಕದ ಫೈಲಿನ ಮೇಲ್ಗಡೆ ತಾರೀಖಿನ ಜಾಗ ನೋಡಿ. ಅಲ್ಲಿ ‘ಟುಡೇ’ ಫಾರ್ಮುಲಾ ಇರಬೇಕು. ‘ಟುಡೇ’, ‘ನೌ’, ‘ರ್‍ಯಾಂಡ್’, ‘ಆಫ್‌ಸೆಟ್’, ‘ಇನ್‌ಡೈರೆಕ್ಟ್’ ಇವೆಲ್ಲ ಫೈಲ್ ತೆರೆದಾಗಲೇ ಮತ್ತೆ ಲೆಕ್ಕ ಹಾಕಿಕೊಳ್ಳುತ್ತವೆ. ಎಕ್ಸೆಲ್ ಕಣ್ಣಿಗೆ ಅದು ಬದಲಾವಣೆ. ಅದರಲ್ಲೂ ತೂಕದ ಫೈಲಿಗೆ ‘ಟುಡೇ’ ಹಾಕುವುದೇ ತಪ್ಪು. ನವೆಂಬರಿನಲ್ಲಿ ತೂಗಿದ ಚೀಲಕ್ಕೆ ಜನವರಿಯಲ್ಲಿ ತೆರೆದರೆ ಜನವರಿಯ ತಾರೀಖು ತೋರಿಸುತ್ತದೆ. ಕಂಟ್ರೋಲ್ ಒತ್ತಿಕೊಂಡು ಸೆಮಿಕೋಲನ್ ಒತ್ತಿ, ಅವತ್ತಿನ ತಾರೀಖು ಅಚ್ಚಾಗಿ ಕೂರುತ್ತದೆ, ಆಮೇಲೆ ಕದಲುವುದಿಲ್ಲ.

ತಾರೀಖು ತೆಗೆದ ಮೇಲೂ ಕೇಳಿದರೆ ಎಕ್ಸೆಲ್‌ನ ವರ್ಷನ್ ನೋಡಿ. ಯಾರ್ಡಿನ ಅಂಗಡಿಯಲ್ಲಿ ಹಳೆಯದು, ಮನೆಯಲ್ಲಿ ಹೊಸದು ಇದ್ದರೆ, ಹಳೆಯದರಲ್ಲಿ ಸೇವ್ ಆದ ಫೈಲನ್ನು ಹೊಸದು ತೆರೆಯುತ್ತಲೇ ಪೂರ್ತಿ ಮತ್ತೆ ಲೆಕ್ಕ ಹಾಕುತ್ತದೆ, ಮುಚ್ಚುವಾಗ ಕೇಳುತ್ತದೆ. ಒಮ್ಮೆ ಅಲ್ಲೇ ಸೇವ್ ಮಾಡಿದರೆ ಸುಮ್ಮನಾಗುತ್ತದೆ. ಮರುದಿನ ಅಂಗಡಿಯಲ್ಲಿ ಮತ್ತೆ ಹಳೆಯದರಲ್ಲಿ ಸೇವ್ ಮಾಡಿ ತಂದರೆ, ರಾತ್ರಿ ಮತ್ತೆ ಕೇಳುತ್ತದೆ.