ಅಷ್ಟು ಚೆನ್ನಾಗಿ ಬರೆದಿದ್ದರೆ ಮರೆತದ್ದೇಕೆ?

ಪ್ರಶ್ನೆ: ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ಲೇಖಕಿಯರ ಕಾದಂಬರಿಗಳು ಒಂದರ ಹಿಂದೊಂದು ಮರುಮುದ್ರಣವಾಗುತ್ತಿವೆ. ಅವು ನಿಜಕ್ಕೂ ಅಷ್ಟು ಒಳ್ಳೆಯವಾಗಿದ್ದರೆ ಜನ ಮರೆತದ್ದೇಕೆ? ಈಗ ಹುಡುಕಿ ತೆಗೆಯುವುದು ಹೇಗೆ?

ಉತ್ತರ: ಮರೆವಿಗೆ ಮೊದಲ ಕಾರಣ ಬರವಣಿಗೆಯಲ್ಲಿಲ್ಲ, ಪುಸ್ತಕ ಓದುಗರ ಕೈಸೇರುತ್ತಿದ್ದ ರೀತಿಯಲ್ಲಿದೆ. ಆಗ ಹೊಸ ಕಾದಂಬರಿಯೊಂದರ ಬೆಲೆ ಸಾಮಾನ್ಯವಾಗಿ 7 ಶಿಲಿಂಗ್ 6 ಪೆನ್ಸ್. ಮಧ್ಯಮವರ್ಗದ ಗೃಹಿಣಿ ಅದನ್ನು ಕೊಳ್ಳುತ್ತಿದ್ದುದು ಅಪರೂಪ. ಚಂದಾ ಕಟ್ಟಿ ಎರವಲು ತರುತ್ತಿದ್ದಳು. ಊರೂರಲ್ಲೂ ಮಳಿಗೆಗಳಿದ್ದ ಬೂಟ್ಸ್ ಎಂಬ ಔಷಧಿ ಕಂಪನಿ 1898ರಿಂದ ತನ್ನ ಅಂಗಡಿಗಳ ಒಳಗೇ ಇಂಥ ಲೈಬ್ರರಿ ನಡೆಸುತ್ತಿತ್ತು. 1945ರ ‘ಬ್ರೀಫ್ ಎನ್‌ಕೌಂಟರ್’ ಚಿತ್ರದ ನಾಯಕಿ ಗುರುವಾರ ಪೇಟೆಗೆ ಹೋದಾಗ ಬೂಟ್ಸ್‌ನಲ್ಲೇ ಪುಸ್ತಕ ಬದಲಿಸುತ್ತಾಳೆ. ಕೇಟ್ ಒಬ್ರಯನ್ ಅವರ ಹೊಸ ಕಾದಂಬರಿ ಕೊನೆಗೂ ಸಿಕ್ಕಿತೆಂದು ಹಿಗ್ಗುತ್ತಾಳೆ. ಎರವಲು ತಂದ ಪುಸ್ತಕ ಮನೆಯ ಕಪಾಟಿನಲ್ಲಿ ಉಳಿಯುವುದಿಲ್ಲ, ಮಗಳ ಕೈಗೂ ದಾಟುವುದಿಲ್ಲ. ಬೂಟ್ಸ್ ಲೈಬ್ರರಿ 1966ರಲ್ಲಿ ಮುಚ್ಚಿತು.

ಅದಕ್ಕೂ ಮೊದಲೇ ಯುದ್ಧ ತನ್ನ ಕೆಲಸ ಮಾಡಿತ್ತು. 1940ರಲ್ಲಿ ಕಾಗದಕ್ಕೆ ಪಡಿತರ ಬಂತು. ಅದೇ ವರ್ಷ ಡಿಸೆಂಬರ್ 29ರ ರಾತ್ರಿ ಲಂಡನ್ನಿನ ಪುಸ್ತಕ ವ್ಯಾಪಾರದ ಕೇರಿಯಾದ ಪ್ಯಾಟರ್‌ನಾಸ್ಟರ್ ರೋ ಬಾಂಬ್ ದಾಳಿಗೆ ಉರಿದು, ಲಕ್ಷಗಟ್ಟಲೆ ಪ್ರತಿಗಳು ಬೂದಿಯಾದವು. ಇದ್ದಬದ್ದ ಕಾಗದದಲ್ಲಿ ಹತ್ತು ವರ್ಷದ ಹಿಂದಿನ ಕಾದಂಬರಿಯನ್ನು ಮತ್ತೆ ಅಚ್ಚುಹಾಕುವ ಉಸಾಬರಿ ಯಾವ ಪ್ರಕಾಶಕನಿಗೆ ಬೇಕು?

ವಿಮರ್ಶಕರ ಪಾತ್ರವೂ ಸಣ್ಣದೇನಲ್ಲ. ಕ್ಯೂ. ಡಿ. ಲೀವಿಸ್ 1932ರ ತಮ್ಮ ಅಧ್ಯಯನದಲ್ಲಿ ಎರವಲು ಲೈಬ್ರರಿಯ ಓದನ್ನು ಅಭಿರುಚಿಯ ಅವನತಿ ಎಂದೇ ಕಂಡರು. ಅದೇ ವರ್ಷ ವರ್ಜೀನಿಯಾ ವುಲ್ಫ್ ‘ಮಿಡ್ಲ್‌ಬ್ರೋ’ ಅಂದರೆ ನಡುಮಟ್ಟದ ಅಭಿರುಚಿಯನ್ನು ಲೇವಡಿ ಮಾಡಿ ಪತ್ರಿಕೆಗೊಂದು ಪತ್ರ ಬರೆದರು. ಕಳಿಸಲಿಲ್ಲ, ಅದು ಅಚ್ಚಾದದ್ದು ಅವರು ತೀರಿಹೋದ ಮೇಲೆ, 1942ರಲ್ಲಿ. ಮನೆವಾರ್ತೆ, ಕೆಲಸದವಳ ಸಂಬಳ, ಮದುವೆಯಾಗದ ಅಕ್ಕನ ಮುಂದಿನ ಗತಿ ಇವೆಲ್ಲ ‘ಚಿಕ್ಕ’ ವಿಷಯಗಳೆನಿಸಿಕೊಂಡವು. (ಕನ್ನಡದಲ್ಲಿ ‘ಅಡುಗೆಮನೆ ಸಾಹಿತ್ಯ’ ಎಂಬ ಕೊಂಕು ಕೇಳಿದವರಿಗೆ ಈ ದನಿ ಹೊಸದಲ್ಲ.) ಮೊದಲ ಯುದ್ಧದ ನಂತರ, 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಹೆಚ್ಚಿದ್ದರು. ಅಂಥ ದೇಶದಲ್ಲಿ ಮದುವೆಯಾಗದವಳ ಗತಿ ಚಿಕ್ಕ ವಿಷಯ ಹೇಗಾದೀತು?

ಇನ್ನು ಹುಡುಕಿ ತೆಗೆದವರ ಮಾತು. ಕಾರ್ಮೆನ್ ಕ್ಯಾಲಿಲ್ 1973ರಲ್ಲಿ ವಿರಾಗೊ ಪ್ರಕಾಶನ ಕಟ್ಟಿದರು. ಅದರ ಹಸಿರು ಬೆನ್ನಿನ ಮರುಮುದ್ರಣ ಮಾಲೆ 1978ರಲ್ಲಿ ಆಂಟೋನಿಯಾ ವೈಟ್ ಅವರ ‘ಫ್ರಾಸ್ಟ್ ಇನ್ ಮೇ’ (1933) ಕಾದಂಬರಿಯಿಂದ ಶುರುವಾಯಿತು. 1983ರಲ್ಲಿ ಇದೇ ವಿರಾಗೊ, 1914ರಿಂದ 1939ರವರೆಗಿನ ಹೆಂಗಸರ ಕಾದಂಬರಿಗಳ ಕುರಿತು ನಿಕೋಲಾ ಬೋಮನ್ ಬರೆದ ‘ಎ ವೆರಿ ಗ್ರೇಟ್ ಪ್ರೊಫೆಷನ್’ ಪ್ರಕಟಿಸಿತು. ತಾವು ಮೆಚ್ಚಿದ ಎಷ್ಟೋ ಪುಸ್ತಕಗಳು ಆಮೇಲೂ ಅಚ್ಚಿಗೆ ಬಾರದ್ದನ್ನು ಕಂಡು ಬೋಮನ್ 1998ರಲ್ಲಿ ತಾವೇ ಪರ್ಸೆಫನಿ ಬುಕ್ಸ್ ಆರಂಭಿಸಿದರು. ಬ್ರಿಟಿಷ್ ಲೈಬ್ರರಿಯ ಲೇಖಕಿಯರ ಮಾಲೆ ಬಂದದ್ದು 2020ರಲ್ಲಿ.

ಪ್ರತಿಯೊಬ್ಬರ ಜರಡಿಯೂ ಬೇರೆ ಎಂಬುದಕ್ಕೆ ಡೊರೊಥಿ ವಿಪ್ಪಲ್ ಅವರ ಕಥೆ ನೋಡಿ. 1930ರ ದಶಕದಲ್ಲಿ ಅವರು ಜನಪ್ರಿಯ ಲೇಖಕಿ. ವಿರಾಗೊ ಕಚೇರಿಯಲ್ಲಿ ಮಾತ್ರ ‘ವಿಪ್ಪಲ್ ಗೆರೆ’ ಎಂಬ ಮಾತೇ ಇತ್ತು: ಆ ಗೆರೆಗಿಂತ ಕೆಳಗೆ ಇಳಿಯಬಾರದು ಎಂದು. ಕ್ಯಾಲಿಲ್ ಅವರೇ ಇದನ್ನು ಬರೆದಿದ್ದಾರೆ. ಪರ್ಸೆಫನಿ ಅದೇ ವಿಪ್ಪಲ್ ಅವರ ‘ಸಮ್‌ಒನ್ ಅಟ್ ಎ ಡಿಸ್ಟನ್ಸ್’ ಕಾದಂಬರಿಯನ್ನು ತನ್ನ ಮೂರನೆಯ ಪುಸ್ತಕವಾಗಿ ತಂದಿತು. ಮುಂದೆ ಅವರು ಆ ಪ್ರಕಾಶನದ ಅತಿ ಹೆಚ್ಚು ಮಾರಾಟವಾಗುವ ಲೇಖಕಿಯಾದರು. ನಮ್ಮ ಮಟ್ಟಿಗೆ ಗೆರೆ ಎಳೆದವರದ್ದೇ ತಪ್ಪು. ಅಲಂಕಾರವಿಲ್ಲದ ಆ ಗದ್ಯದಲ್ಲಿ ಒಂದು ಸಂಸಾರ ಎಳೆಎಳೆಯಾಗಿ ಬಿಚ್ಚಿಕೊಳ್ಳುವುದನ್ನು ಪುಟ ಬಿಡದೆ ಓದಿಸುವುದು ಸುಲಭದ ಕಸುಬಲ್ಲ. ಹಾಗೆಂದು ಮರುಮುದ್ರಣವಾದದ್ದೆಲ್ಲ ಶ್ರೇಷ್ಠವೂ ಅಲ್ಲ. ಹಲವು ಕಾದಂಬರಿಗಳಲ್ಲಿ ಯಹೂದಿಗಳ ಬಗ್ಗೆ, ಕೆಲಸದವರ ಬಗ್ಗೆ ಬರುವ ಮಾತುಗಳನ್ನು ಇಂದು ನುಂಗುವುದು ಕಷ್ಟ.

ವಿನಿಫ್ರೆಡ್ ವಾಟ್ಸನ್ ಅವರದ್ದು ಅಪರೂಪದ ಅದೃಷ್ಟ. 1938ರ ಅವರ ‘ಮಿಸ್ ಪೆಟಿಗ್ರೂ ಲಿವ್ಸ್ ಫಾರ್ ಎ ಡೇ’ 2000ದಲ್ಲಿ ಮರುಮುದ್ರಣವಾದಾಗ ಅವರು ತೊಂಬತ್ತು ದಾಟಿಯೂ ಬದುಕಿದ್ದರು. 2002ರಲ್ಲಿ ತೀರಿಕೊಂಡರು, ಸಿನಿಮಾ ಬಂದದ್ದು 2008ರಲ್ಲಿ.

ನೀವೇ ಹುಡುಕುವುದಾದರೆ ಹಳೆಯ ಪ್ರತಿಗಳ ಕೊನೆಯ ಪುಟಗಳಿಂದ ಶುರುಮಾಡಿ. ಪ್ರಕಾಶಕರು ತಮ್ಮ ಇತರ ಪುಸ್ತಕಗಳ ಜಾಹೀರಾತನ್ನು ಅಲ್ಲೇ ಹಾಕುತ್ತಿದ್ದರು. ಎಂದೂ ಕೇಳದ ಹೆಸರುಗಳು ಸಿಗುವುದು ಅಲ್ಲೇ. ‘ಟೈಮ್ ಆ್ಯಂಡ್ ಟೈಡ್’ ವಾರಪತ್ರಿಕೆಯ ಪುಸ್ತಕ ವಿಮರ್ಶೆಗಳು ಇನ್ನೊಂದು ಗಣಿ. ಹೆಸರು ಸಿಕ್ಕ ಮೇಲೆ ಎಡವುವುದು ಎರಡು ಕಡೆ. ಒಂದು, ಗುಪ್ತನಾಮ ಮತ್ತು ಇನಿಷಿಯಲ್: ಇ. ಎಂ. ಡೆಲಾಫೀಲ್ಡ್ ಎಂಬುದು ಕಾವ್ಯನಾಮ. ಅವರ ಹುಟ್ಟುಹೆಸರು ಡಿ ಲಾ ಪಾಸ್ಟ್ಯೂರ್, ಮದುವೆಯ ನಂತರದ್ದು ಡ್ಯಾಶ್‌ವುಡ್. ಕಾಗದಪತ್ರ ಹುಡುಕುವಾಗ ಮೂರೂ ಹೆಸರು ಹಾಕಬೇಕು. ಎರಡು, ಅಮೆರಿಕದ ಶೀರ್ಷಿಕೆ: ಅವರದೇ ‘ಥ್ಯಾಂಕ್ ಹೆವನ್ ಫಾಸ್ಟಿಂಗ್’ (1932) ಅಲ್ಲಿ ‘ಎ ಗುಡ್ ಮ್ಯಾನ್ಸ್ ಲವ್’ ಆಗಿತ್ತು. ಎರಡು ಬೇರೆ ಪುಸ್ತಕವೆಂದುಕೊಂಡು ದುಡ್ಡು ಕೊಡುವವರು ಇದ್ದಾರೆ.

ಕೊನೆಗೆ ಕೃತಿಸ್ವಾಮ್ಯ, ಅಂದರೆ ಪುಸ್ತಕದ ಹಕ್ಕು ಎಷ್ಟು ಕಾಲ ಎಂಬುದು. ಬ್ರಿಟನ್ನಿನಲ್ಲಿ ಲೇಖಕಿ ತೀರಿಕೊಂಡ ವರ್ಷದ ಅಂತ್ಯದಿಂದ 70 ವರ್ಷ, ಭಾರತದಲ್ಲಿ 60. ವಾರಸುದಾರರು ಯಾರೆಂದು ತಿಳಿಯಲು ರೆಡಿಂಗ್ ವಿಶ್ವವಿದ್ಯಾಲಯ ಮತ್ತು ಟೆಕ್ಸಸ್‌ನ ಹ್ಯಾರಿ ರ‍್ಯಾನ್ಸಮ್ ಸೆಂಟರ್ ಒಟ್ಟಾಗಿ ನಡೆಸುವ ‘ವಾಚ್’ ಎಂಬ ಉಚಿತ ಪಟ್ಟಿ ಇದೆ. ಕನ್ನಡಕ್ಕೆ ತರುವ ಮನಸ್ಸಿದ್ದವರಿಗೆ ಲೆಕ್ಕ ಹೀಗೆ: ವಿನಿಫ್ರೆಡ್ ಹೋಲ್ಟ್‌ಬಿ (ನಿಧನ 1935), ಡೆಲಾಫೀಲ್ಡ್ (1943), ಇ. ಎಚ್. ಯಂಗ್ (1949) ಮೂವರೂ ಎರಡು ದೇಶಗಳಲ್ಲೂ ಮುಕ್ತ. ವಿಪ್ಪಲ್ (1966) ಭಾರತದಲ್ಲಿ 2027ರ ಜನವರಿ 1ರಿಂದ ಮುಕ್ತ, ಬ್ರಿಟನ್ನಿನಲ್ಲಿ ಇನ್ನೂ ಹತ್ತು ವರ್ಷ ತಡ. ಹಾಗಾಗಿ ಅನುವಾದದ ಇ-ಪುಸ್ತಕವನ್ನು ಲಂಡನ್ನಿನ ಕನ್ನಡಿಗರಿಗೆ ಮಾರಬೇಕೆಂದರೆ ಅಲ್ಲಿಯವರೆಗೆ ಅನುಮತಿ ಬೇಕು. ಹೊಸ ಆವೃತ್ತಿಗಳ ಮುನ್ನುಡಿ, ಹಿನ್ನುಡಿ, ಟಿಪ್ಪಣಿಗಳ ಹಕ್ಕು ಈಗ ಅವನ್ನು ಬರೆದವರದ್ದು, ಕಾದಂಬರಿ ಮುಕ್ತವಾಗಿದ್ದರೂ ಕೂಡ. ಅವನ್ನು ಬಿಟ್ಟು ಮೂಲ ಪಠ್ಯವನ್ನಷ್ಟೇ ಅನುವಾದಕ್ಕೆ ಎತ್ತಿಕೊಳ್ಳಿ.