ಪಹಣಿ ಮೊಬೈಲ್‌ನಲ್ಲೇ ಸಿಗುವಾಗ ಬ್ರೋಕರ್ ಯಾಕೆ ಬೇಕು?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಮಂಗಳೂರು ಹತ್ತಿರದ ಸುರತ್ಕಲ್‌ನಿಂದ ಹಳೆಯಂಗಡಿ ನಡುವೆ ಹಳೇ ಮನೆಯಿರುವ 10 ಸೆಂಟ್ಸ್ ಜಾಗ ಹುಡುಕುತ್ತಿದ್ದೇವೆ. ಬಜೆಟ್ 60 ಲಕ್ಷ. ಅಲ್ಲಿನ ಬ್ರೋಕರ್ ಒಬ್ಬರು 2 ಪರ್ಸೆಂಟ್ ಕಮಿಷನ್ ಕೇಳಿದ್ದಾರೆ. ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲ ಆನ್‌ಲೈನ್‌ನಲ್ಲೇ ಸಿಗುವಾಗ 1.2 ಲಕ್ಷ ಸುಮ್ನೆ ಯಾಕೆ ಕೊಡಬೇಕು?

ಉತ್ತರ: ನಿಮ್ಮ ವಿಷಯದಲ್ಲಿ ಕೊಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಯಾವ ಕೆಲಸಕ್ಕೆ ಕೊಡುತ್ತಿದ್ದೀರಿ ಅಂತ ಗೊತ್ತಿರಲಿ. ಕಾಗದಪತ್ರ ಸರಿಯಿದೆಯಾ ಅಂತ ನೋಡುವ ಕೆಲಸ ಬ್ರೋಕರ್‌ದಲ್ಲ. ಅದಕ್ಕೆ ನಿಮ್ಮದೇ ವಕೀಲರು ಬೇಕು, ಅವರ ಫೀಸು ಬೇರೆ. ಬ್ರೋಕರ್‌ಗೆ ಕೊಡುವುದು ಕಾಗದದಲ್ಲಿ ಬರೆಯದೇ ಇರುವ ಸಂಗತಿಗಳಿಗೆ. ಕರಾವಳಿಯಲ್ಲಿ ಅಂಥವು ಸ್ವಲ್ಪ ಜಾಸ್ತಿಯೇ.

ಮೊದಲನೆಯದು ಕುಮ್ಕಿ. ಬೆಂಗಳೂರಿನಿಂದ ಬಂದವರು ಈ ಹೆಸರನ್ನೇ ಕೇಳಿರುವುದಿಲ್ಲ. ಹಳೇ ವರ್ಗ ಜಾಗದ (ಕಂದಾಯ ಕಟ್ಟುವ ಖಾಸಗಿ ಜಾಗ) ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯಲು ವರ್ಗದಾರರಿಗೆ ಹಿಂದಿನಿಂದ ಬಂದ ಸೌಲಭ್ಯವಿದೆ. ಅದು ಮಾಲೀಕತ್ವ ಅಲ್ಲ, ಮಾರುವ ಹಕ್ಕೂ ಇಲ್ಲ. ಆದರೆ ತಲೆಮಾರುಗಳಿಂದ ಅಲ್ಲಿ ತೆಂಗು ಬೆಳೆದಿರುತ್ತಾರೆ, ಕಾಂಪೌಂಡ್ ಕೂಡ ಕಟ್ಟಿರುತ್ತಾರೆ. ಮಾರುವವರು ಕಾಂಪೌಂಡ್ ಒಳಗಿನದ್ದೆಲ್ಲ ತೋರಿಸಿ 14 ಸೆಂಟ್ಸ್ ಅನ್ನುತ್ತಾರೆ. ಪಹಣಿಯಲ್ಲಿ ಇರುವುದು 10. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅಲ್ಲ, ಎಷ್ಟೋ ಸಲ ಅವರೇ ಹಾಗೆ ನಂಬಿರುತ್ತಾರೆ. ಆ ಊರಿನಲ್ಲೇ ಓಡಾಡುವ ಬ್ರೋಕರ್‌ಗೆ ಯಾವ ಬೇಲಿ ಎಲ್ಲಿಂದ ಎಲ್ಲಿಗೆ ಸರಿದಿದೆ ಅಂತ ಅಂದಾಜು ಇರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿ ಕಾಣುತ್ತದೆ, ನಿಜ. ಆದರೂ ಅದನ್ನೇ ನಂಬಿ ದುಡ್ಡು ಕೊಡಬೇಡಿ. ಅಳತೆ ಮಾಡಿಸಿ, ಗಡಿಕಲ್ಲು ನೋಡಿ.

ಎರಡನೆಯದು ದಾರಿ ಮತ್ತು ನಾಗಬನ. ಜಾಗದ ಮೂಲೆಯಲ್ಲಿ ನಾಲ್ಕು ಮರ, ಒಂದು ನಾಗನ ಕಲ್ಲು ಇದ್ದರೆ ಅದು ನಿಮ್ಮ ಮನೆಗಷ್ಟೇ ಸೇರಿದ್ದಲ್ಲ. ಅದನ್ನು ಪೂಜಿಸುತ್ತ ಬಂದ ಕುಟುಂಬದವರು ನಾಗರ ಪಂಚಮಿಗೆ ತನು (ಹಾಲು, ಎಳನೀರು) ಹಾಕಲು ಬಂದೇ ಬರುತ್ತಾರೆ. ಅವರಿಗೆ ದಾರಿ ಬಿಡಬೇಕಾಗುತ್ತದೆ. ದೈವದ ಕಟ್ಟೆ ಇದ್ದರೂ ಹಾಗೆಯೇ. ಇದನ್ನು ತೊಂದರೆ ಅಂತ ನೋಡಬೇಕಿಲ್ಲ, ಗೊತ್ತಿದ್ದು ತಗೊಂಡವರು ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಆದರೆ ಇಸಿಯಲ್ಲಿ ಇದು ಬರುವುದಿಲ್ಲ. ಕೇಳಿದರೆ ಹೇಳುವವರು ಊರವರು, ಮತ್ತೆ ಒಳ್ಳೇ ಬ್ರೋಕರ್.

ನೀರಿನ ವಿಷಯವೂ ಅಷ್ಟೇ. ಮುಕ್ಕ, ಸಸಿಹಿತ್ಲು ಕಡೆ ಸಮುದ್ರಕ್ಕೆ ಹತ್ತಿರ ಹೋದಂತೆ ಏಪ್ರಿಲ್‌, ಮೇ ಹೊತ್ತಿಗೆ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಅಲ್ಲಿ ಸಿಆರ್‌ಝಡ್ (ಸಮುದ್ರ ತೀರದಲ್ಲಿ ಕಟ್ಟಡಕ್ಕೆ ಮಿತಿ ಹಾಕುವ) ನಿಯಮವೂ ಇದೆ. ಹಳೇ ಮನೆ ಕೆಡವಿ ಹೊಸದು ಕಟ್ಟುವ ಯೋಚನೆಯಿದ್ದರೆ ಮೊದಲು ಅದನ್ನೇ ಕೇಳಿ. ಮಳೆಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಇನ್ನೊಂದು ಕಥೆ. ಮಂಗಳೂರಿನ ಕೊಟ್ಟಾರ ಚೌಕಿಯದ್ದು ಪೇಪರಿನಲ್ಲಿ ಬರುತ್ತದೆ, ಒಳಗಿನ ಗದ್ದೆ ತುಂಬಿಸಿ ಮಾಡಿದ ಸೈಟಿನದ್ದು ಬರುವುದಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತು) ರಿಜಿಸ್ಟ್ರೇಶನ್ ಬೇಡ ಅನ್ನುವವರು ಇಲ್ಲಿ ತುಂಬಾ ಜನ ಇದ್ದಾರೆ. ಜಾಗ ನೋಡಲು ಮಾತ್ರ ಅದಕ್ಕಿಂತ ಒಳ್ಳೇ ಸಮಯ ಇಲ್ಲ!

ಇನ್ನು ನಿಮ್ಮ 1.2 ಲಕ್ಷದ ದೊಡ್ಡ ಭಾಗ ಹೋಗುವುದು ಮನುಷ್ಯರನ್ನು ಒಟ್ಟು ಮಾಡುವುದಕ್ಕೆ. ಇಲ್ಲಿನ ಹಳೇ ಮನೆ ಒಬ್ಬರ ಹೆಸರಿನಲ್ಲಿ ಇರುವುದು ಕಡಿಮೆ. ಹೆಣ್ಣಿನ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬವಾದರೆ ಅಕ್ಕತಂಗಿಯರು, ಅವರ ಮಕ್ಕಳು, ಎಲ್ಲರ ಸಹಿ ಬೇಕಾಗಬಹುದು. ಒಬ್ಬರು ಮುಂಬೈ, ಒಬ್ಬರು ಕುವೈತ್, ಇನ್ನೊಬ್ಬರು ಪಕ್ಕದ ಮನೆಯಲ್ಲೇ ಇದ್ದು ಮಾತು ಬಿಟ್ಟವರು. ಇವರನ್ನೆಲ್ಲ ಒಂದೇ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ತರುವುದು ನಿಮ್ಮಿಂದ ಆಗುತ್ತದಾ? ಬೆಂಗಳೂರಿನಿಂದ ಫೋನ್ ಮಾಡಿ ಅಂತೂ ಆಗುವುದಿಲ್ಲ. ತುಳುವಿನಲ್ಲಿ ಅವರ ಚಾವಡಿಯಲ್ಲಿ ಕೂತು, ಚಾ ಕುಡಿದು, ‘ಅಜ್ಜನ ಕಾಲದ ಮನೆ’ ಅಂತ ಏರಿಸಿದ ರೇಟನ್ನು ನಿಧಾನಕ್ಕೆ ಇಳಿಸುವ ಕೆಲಸ ಅದು. ಪಕ್ಕದ ಜಾಗ ನಿಜವಾಗಿ ಎಷ್ಟಕ್ಕೆ ಹೋಯಿತು ಅನ್ನುವುದು ಬ್ರೋಕರ್‌ಗೆ ಗೊತ್ತಿರುತ್ತದೆ. ವೆಬ್‌ಸೈಟಿನಲ್ಲಿ ಇರುವುದು ಕೇಳುವ ಬೆಲೆ ಮಾತ್ರ.

ವಿದೇಶದಲ್ಲಿರುವ ಪಾಲುದಾರರಿದ್ದರೆ ಅನುಭವಿ ಬ್ರೋಕರ್ ಅದನ್ನು ಮೊದಲೇ ಹೇಳುತ್ತಾರೆ. ಅವರ ಪವರ್ ಆಫ್ ಅಟಾರ್ನಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಬೇಕು, ಇಲ್ಲಿಗೆ ಬಂದ ಮೇಲೆ 3 ತಿಂಗಳೊಳಗೆ ಸ್ಟ್ಯಾಂಪ್ ಆಗಬೇಕು. ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲಿ ಹಿಡಿದು ಕಟ್ಟುವ ತೆರಿಗೆ) ಕೂಡ ಬೇರೆ. ಮಾರುವವರು ಇಲ್ಲೇ ಇರುವವರಾದರೆ 50 ಲಕ್ಷ ಮತ್ತು ಮೇಲಿನ ಆಸ್ತಿಗೆ ನೀವು 1 ಪರ್ಸೆಂಟ್ ಹಿಡಿದು ಕಟ್ಟಬೇಕು. ಎನ್‌ಆರ್‌ಐ ಪಾಲಿಗೆ ಅದಕ್ಕಿಂತ ತುಂಬಾ ಜಾಸ್ತಿ. ಹಿಡಿಯದೆ ಬಿಟ್ಟರೆ ನೋಟಿಸ್ ಬರುವುದು ಕೊಂಡ ನಿಮಗೆ. ಇದಕ್ಕೆ ಒಬ್ಬ ಸಿಎ ಕೂಡ ಬೇಕು, ಬ್ರೋಕರ್ ಮಾತಿನ ಮೇಲೆ ಲೆಕ್ಕ ಹಾಕಬೇಡಿ.

ಈಗ ಎಚ್ಚರಿಕೆಯ ಮಾತು. ಬ್ರೋಕರ್‌ಗೆ ದುಡ್ಡು ಸಿಗುವುದು ವ್ಯವಹಾರ ಮುಗಿದರೆ ಮಾತ್ರ. ಹಾಗಾಗಿ ‘ಈ ಜಾಗ ಬೇಡ’ ಅನ್ನುವ ಬ್ರೋಕರ್ ಅಪರೂಪ. ಮಾರುವವರಿಂದಲೂ ಕಮಿಷನ್ ತಗೊಳ್ಳುತ್ತೀರಾ ಅಂತ ನೇರವಾಗಿ ಕೇಳಿ. ತಗೊಂಡರೆ ತಪ್ಪೇನಿಲ್ಲ, ಇಲ್ಲಿ ಅದು ರೂಢಿಯೇ. ಆದರೆ ಆಗ ಚೌಕಾಸಿಯಲ್ಲಿ ಅವರು ನಿಮ್ಮ ಕಡೆಯವರು ಮಾತ್ರ ಅಂದುಕೊಳ್ಳಬೇಡಿ. 2 ಪರ್ಸೆಂಟ್ ಅನ್ನುವುದು ಕಾನೂನಿನ ದರ ಅಲ್ಲ, 1ಕ್ಕೆ ಒಪ್ಪುವವರೂ ಇದ್ದಾರೆ. ಎಷ್ಟು, ಯಾವಾಗ, ಜಿಎಸ್‌ಟಿ ಸೇರಿಯೋ ಇಲ್ಲವೋ ಅಂತ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಟೋಕನ್ ಕೊಟ್ಟ ದಿನವೇ ಪೂರ್ತಿ ಕಮಿಷನ್ ಕೊಡಬೇಡಿ, ರಿಜಿಸ್ಟ್ರೇಶನ್ ದಿನ ಕೊಡಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಬೇಕಾ ಅಂತಲೂ ಹಲವರು ಕೇಳುತ್ತಾರೆ. 2016ರ ಕಾಯ್ದೆ ಪ್ರಕಾರ, ರೇರಾದಲ್ಲಿ ನೋಂದಣಿಯಾಗಬೇಕಾದ ಯೋಜನೆಗಳ ಫ್ಲ್ಯಾಟ್, ಸೈಟ್ ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ. ನೀವು ಹುಡುಕುತ್ತಿರುವ ಹಳೇ ಮನೆಗೆ ಅದು ಅನ್ವಯಿಸುವುದಿಲ್ಲ. ನಾಳೆ ಮನಸ್ಸು ಬದಲಾಗಿ ಮಂಗಳೂರಿನ ಕದ್ರಿಯಲ್ಲೋ ಬಿಜೈಯಲ್ಲೋ ಹೊಸ ಫ್ಲ್ಯಾಟ್ ನೋಡಿದರೆ ಕೇಳಲೇಬೇಕು.

ಖರ್ಚಿನ ಲೆಕ್ಕದಲ್ಲಿ ಇನ್ನೊಂದಿದೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2 ಪರ್ಸೆಂಟ್‌ಗೆ ಏರಿದೆ. 5 ಪರ್ಸೆಂಟ್ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಎಲ್ಲ ಸೇರಿ 60 ಲಕ್ಷಕ್ಕೆ ನಾಲ್ಕೂವರೆ ಲಕ್ಷದ ಆಸುಪಾಸು ಆಗುತ್ತದೆ. ಇದನ್ನು ನೋಡಿ ‘ಪತ್ರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ಕ್ಯಾಶ್’ ಅನ್ನುವ ಬ್ರೋಕರ್ ಸಿಕ್ಕರೆ ಅಲ್ಲಿಗೇ ನಮಸ್ಕಾರ ಹೇಳಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ನಗದು ಪಡೆಯುವಂತಿಲ್ಲ.

ನೀವು ಅದೇ ಊರಿನವರಾಗಿದ್ದು, ಪಕ್ಕದ ಮನೆಯವರ ಜಾಗವನ್ನೇ ಕೊಳ್ಳುತ್ತಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಆಗ ವಕೀಲರು, ಸರ್ವೆಯವರು ಸಾಕು.

ನಿಮ್ಮನ್ನು ಸಂಪರ್ಕಿಸಿದ ಬ್ರೋಕರ್ ಹೇಗೆ ಅಂತ ತಿಳಿಯಲು ಒಂದು ಕೆಲಸ ಮಾಡಿ. ಎರಡನೇ ಸಲ ಜಾಗ ನೋಡಲು ಹೋಗುವ ಮೊದಲೇ ಪಹಣಿ, ಸರ್ವೆ ನಕ್ಷೆ, ಮನೆಗೆ ಸಂಬಂಧಿಸಿದ ದಾಖಲೆಯ ಪ್ರತಿ ಕೇಳಿ. ಪಾಲಿಕೆ ವ್ಯಾಪ್ತಿಯ ಸುರತ್ಕಲ್ ಆದರೆ ಇ-ಖಾತಾ, ಪಂಚಾಯತ್‌ಗೆ ಸೇರಿದ ಹಳೆಯಂಗಡಿ ಆದರೆ 9/11 (ಪಂಚಾಯತ್ ಕೊಡುವ ಫಾರಂ 9 ಮತ್ತು 11). ಎರಡು ದಿನದಲ್ಲಿ ಕಳಿಸಿದರೆ ಮಾತುಕತೆ ಮುಂದುವರಿಸಿ. ‘ಅದೆಲ್ಲ ಟೋಕನ್ ಆದ ಮೇಲೆ ನೋಡುವ’ ಅಂದರೆ ಬೇರೆಯವರನ್ನು ಹುಡುಕಿ, ಸುರತ್ಕಲ್‌ನಲ್ಲಿ ಬ್ರೋಕರ್‌ಗಳಿಗೇನೂ ಬರ ಇಲ್ಲ.